ವಿಡಿಯೋದಲ್ಲಿ ಚಲನೆ ಸರಿ ಕಾಣ್ತಿಲ್ವಾ? ಮೋಷನ್ ಬ್ಲರ್ ದೋಷ ಎಲ್ಲಿದೆ ಅಂತ ಹುಡುಕೋದು ಹೀಗೆ

ಮೋಷನ್ ಬ್ಲರ್ ಅಂದ್ರೆ ಓಡೋ ವಸ್ತು ವಿಡಿಯೋದ ಒಂದೊಂದು ಚಿತ್ರದಲ್ಲಿ (ಫ್ರೇಮಲ್ಲಿ) ಗೀರಾಗಿ ಮಸುಕಾಗೋದು. ಈ ವಿಷ್ಯದಲ್ಲಿ ಬರೋ ಕಂಪ್ಲೇಂಟು ಹೆಚ್ಚು ಕಡ್ಮೆ ಮೂರೇ ಥರ. ಹಗಲಲ್ಲಿ ತೆಗೆದಿದ್ದು ಚಕಚಕ ಅಂತ ತುಂಡು ತುಂಡಾಗಿ ಓಡಿದಂಗೆ ಕಾಣುತ್ತೆ ಅನ್ನೋದು ಒಂದು. ಲೆನ್ಸು, ಲೈಟು, ಫ್ರೇಮಿಂಗು ಎಲ್ಲಾ ಚೆನ್ನಾಗಿದ್ರೂ ಸಿನಿಮಾ ಥರ ಇಲ್ಲ, ಸೀರಿಯಲ್ ಥರ ನುಣ್ಣಗೆ ಜಾರುತ್ತೆ ಅನ್ನೋದು ಇನ್ನೊಂದು. ರಾತ್ರಿ ತೆಗೆದಿದ್ದೆಲ್ಲ ಸವರಿಹೋಗಿದೆ ಅನ್ನೋದು ಮೂರನೇದು. ಮೂರಕ್ಕೂ ನಮ್ ಹುಡುಗ್ರು ಮಾಡೋ ಮದ್ದು ಮಾತ್ರ ಒಂದೇ, ಫಿಲ್ಮ್ ಲುಕ್ ಅಂತ ಎಲ್ಲಿಂದಲೋ ಒಂದು ಲಟ್ (ಬಣ್ಣ ಬದಲಾಯಿಸೋ ರೆಡಿಮೇಡ್ ಫೈಲು) ಇಳಿಸ್ಕೊಂಡು ಹಾಕೋದು, ಮೇಲೊಂದಿಷ್ಟು ಗ್ರೇನ್ (ಫಿಲ್ಮ್ ಥರದ ಕಾಳು ಕಾಳು) ಉದುರಿಸೋದು, ಮೇಲೆ ಕೆಳಗೆ ಕಪ್ಪು ಪಟ್ಟಿ ಎಳೆಯೋದು, ಆದ್ರೂ ಸರಿ ಹೋಗ್ಲಿಲ್ಲ ಅಂದ್ರೆ ಈ ಕ್ಯಾಮೆರಾ ವೇಸ್ಟು ಅಂತ ಬೈದು ಹೊಸದು ನೋಡೋಕೆ ಶುರು ಮಾಡೋದು. ಬಣ್ಣಕ್ಕೂ ಚಲನೆಗೂ ಸಂಬಂಧನೇ ಇಲ್ಲ ಕಣ್ರೀ. ಎಷ್ಟು ಲಟ್ ಹಾಕಿದ್ರೂ ಓಡೋ ಕಾಲು ಓಡೋ ಥರಾನೇ ಓಡುತ್ತೆ.

ರಿಪೇರಿಗೆ ಕೈ ಹಾಕೋ ಮುಂಚೆ ಫಿಲ್ಮ್ ಕ್ಯಾಮೆರಾ ಏನ್ ಮಾಡ್ತಿತ್ತು, ವಿಡಿಯೋ ಕ್ಯಾಮೆರಾ ಏನ್ ಮಾಡ್ತಿತ್ತು ಅನ್ನೋದನ್ನ ಒಂದ್ಸಲ ತಲೆಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಮುಂದಿನ ಟೆಸ್ಟುಗಳು ಯಾಕೆ ಅಂತಾನೇ ಗೊತ್ತಾಗಲ್ಲ.

ಫಿಲ್ಮ್ ಕ್ಯಾಮೆರಾ ಒಳಗೆ ಒಂದು ಪುಟ್ಟ ಕೊಕ್ಕೆ ಸೆಕೆಂಡಿಗೆ 24 ಸಲ ರೀಲನ್ನ ಒಂದೊಂದು ಫ್ರೇಮ್ ಕೆಳಗೆ ಎಳೀತಿರುತ್ತೆ, ಮಾಮೂಲಿ 35 ಎಂಎಂನಲ್ಲಿ ನಾಲ್ಕು ತೂತು ಅಂದ್ರೆ ಒಂದು ಫ್ರೇಮು. ಎಳೀತಿರೋವಾಗ ಬೆಳಕು ಬಿದ್ರೆ ಇಡೀ ಚಿತ್ರ ಉದ್ದಕ್ಕೆ ಗೀಚಿಹೋಗುತ್ತೆ. ಅದಕ್ಕೇ ಮುಂದೆ ಒಂದು ಅರ್ಧ ಕತ್ತರಿಸಿದ ತಟ್ಟೆ (ಇದೇ ಶಟರು) ತಿರುಗ್ತಿರುತ್ತೆ, ತೆರೆದ ಭಾಗ ಬಂದಾಗ ಬೆಳಕು, ಮುಚ್ಚಿದ ಭಾಗ ಬಂದಾಗ ರೀಲ್ ಎಳೆಯೋದು. ತೆರೆದ ಭಾಗ 180 ಡಿಗ್ರಿ ಇದ್ರೆ ಒಂದೊಂದು ಫ್ರೇಮಿಗೆ 1/48 ಸೆಕೆಂಡು ಬೆಳಕು, ಇನ್ನರ್ಧ ಹೊತ್ತು ಕ್ಯಾಮೆರಾ ಕುರುಡು. ಹಳೇ ಮಿಚೆಲ್ ಕ್ಯಾಮೆರಾದಲ್ಲಿ 175 ಡಿಗ್ರಿ, ಪ್ಯಾನಾವಿಷನ್‌ನಲ್ಲಿ 200 ಡಿಗ್ರಿ ತನಕ ಹೋಗ್ತಿತ್ತು, ಅದಕ್ಕಿಂತ ತುಂಬಾ ಜಾಸ್ತಿ ಹೋಗೋಕೆ ಆಗ್ತಿರ್ಲಿಲ್ಲ, ಯಾಕಂದ್ರೆ ರೀಲ್ ಎಳೆಯೋಕೂ ಟೈಮ್ ಬೇಕಲ್ಲ. ಅಂದ್ರೆ ಈ 180 ಅನ್ನೋದು ಯಾರೋ ಕಲಾವಿದರು ಕೂತ್ಕೊಂಡು ಚಂದ ಅಂತ ಆರಿಸಿದ್ದಲ್ಲ, ಮೆಷಿನ್ನಿನ ಕಷ್ಟಕ್ಕೆ ಹುಟ್ಟಿದ್ದು, ನೂರು ವರ್ಷ ನೋಡಿ ನೋಡಿ ನಮ್ ಕಣ್ಣು ಅದನ್ನೇ ಸಿನಿಮಾ ಅಂತ ಒಪ್ಕೊಂಡಿದೆ.

ವಿಡಿಯೋ ಕ್ಯಾಮೆರಾದಲ್ಲಿ ಎಳೆಯೋಕೆ ರೀಲೇ ಇಲ್ಲ. ಹಳೇ ಟ್ಯೂಬ್ ಕ್ಯಾಮೆರಾ ಪೂರ್ತಿ ಹೊತ್ತೂ ಬೆಳಕು ಕುಡೀತಾನೇ ಇರ್ತಿತ್ತು. ನಮ್ಮ ದೂರದರ್ಶನದ ಪಾಲ್ ಪದ್ಧತೀಲಿ ಸೆಕೆಂಡಿಗೆ 25 ಫ್ರೇಮು ಅಂತಾರೆ, ಆದ್ರೆ ಒಂದೊಂದನ್ನೂ ಬೆಸ ಗೆರೆ ಸಮ ಗೆರೆ ಅಂತ ಎರಡು ಫೀಲ್ಡ್ ಮಾಡಿ ಬೇರೆ ಬೇರೆ ಹೊತ್ತಲ್ಲಿ ಹಿಡೀತಿದ್ರು, ಹಾಗಾಗಿ ಚಲನೆ ಲೆಕ್ಕಕ್ಕೆ ಸೆಕೆಂಡಿಗೆ 50 ಚಿತ್ರ, ಒಂದೊಂದಕ್ಕೂ 1/50 ಸೆಕೆಂಡು ಬೆಳಕು.

ಇಲ್ಲೇ ಒಂದು ನಿಮಿಷ ನಿಂತು ನೋಡಿ. ಫಿಲ್ಮಿಂದು 1/48, ವಿಡಿಯೋದು 1/50. ಎರಡೂ ಹೆಚ್ಚು ಕಡ್ಮೆ ಒಂದೇ! ಒಂದು ಫ್ರೇಮ್ ನಿಲ್ಸಿ ನೋಡಿದ್ರೆ ಎರಡರಲ್ಲೂ ಬ್ಲರ್ ಅಷ್ಟೇ ಉದ್ದ. "ಫಿಲ್ಮಲ್ಲಿ ಬ್ಲರ್ ಜಾಸ್ತಿ, ವಿಡಿಯೋದಲ್ಲಿ ಶಾರ್ಪ್" ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಅದು ಬುಡದಲ್ಲೇ ತಪ್ಪು. ವ್ಯತ್ಯಾಸ ಇರೋದು ಬ್ಲರಲ್ಲಲ್ಲ, ಬ್ಲರು ಬ್ಲರಿನ ಮಧ್ಯೆ ಬಿಟ್ಟಿರೋ ಜಾಗದಲ್ಲಿ. ಫಿಲ್ಮಲ್ಲಿ ಒಂದು ಗೀರು, ಅಷ್ಟೇ ಉದ್ದ ಖಾಲಿ, ಮತ್ತೊಂದು ಗೀರು. ವಿಡಿಯೋದಲ್ಲಿ ಒಂದು ಗೀರು ಮುಗಿದ ಕಡೆಯಿಂದಲೇ ಇನ್ನೊಂದು ಶುರು, ಸಾಲದ್ದಕ್ಕೆ ಎರಡರಷ್ಟು ಚಿತ್ರ. ಒಂದು ಕಾಲದಲ್ಲಿ ಬ್ರಿಟನ್ನಿನ ಬಿಬಿಸಿ ನಾಟಕಗಳಲ್ಲಿ ಮನೆ ಒಳಗಿನ ಸೀನು ಸ್ಟುಡಿಯೋ ವಿಡಿಯೋದಲ್ಲಿ, ಹೊರಗಿನದು 16 ಎಂಎಂ ಫಿಲ್ಮಲ್ಲಿ ತೆಗೀತಿದ್ರು, ಪಾತ್ರ ಬಾಗಿಲು ದಾಟಿ ಬೀದಿಗೆ ಬಂದ ತಕ್ಷಣ ಚಲನೆಯ ಗುಣಾನೇ ಬದಲಾಗ್ತಿತ್ತು, ತಾಂತ್ರಿಕ ಜ್ಞಾನ ಇಲ್ಲದೋರಿಗೂ ಏನೋ ಆಯ್ತು ಅಂತ ಗೊತ್ತಾಗ್ತಿತ್ತು.

ಆದ್ರಿಂದ ದೋಷ ಹುಡುಕೋವಾಗ ಕೇಳ್ಬೇಕಾದ್ದು ಎರಡೇ. ಸೆಕೆಂಡಿಗೆ ಬೇರೆ ಬೇರೆ ಚಿತ್ರ ಎಷ್ಟು? ಎರಡು ಫ್ರೇಮ್ ನಡುವೆ ವಸ್ತು ಹೋದ ದೂರದಲ್ಲಿ ಎಷ್ಟು ಪಾಲು ಗೀರು?

ಫ್ಯಾನ್ ಟೆಸ್ಟ್

ಇದಕ್ಕೆ ದುಡ್ಡು ಕೊಡ್ಬೇಕಾದ ಸಾಫ್ಟ್‌ವೇರ್ ಏನೂ ಬೇಡ. ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ತುದಿಗೆ ಬಿಳೀ ಟೇಪ್ ಅಂಟಿಸಿ (ಮೂರೂ ರೆಕ್ಕೆ ಒಂದೇ ಥರ ಇದ್ರೆ ಯಾವುದು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ, ಅದಕ್ಕೆ ಟೇಪು), ರೆಗ್ಯುಲೇಟರ್ ಒಂದಕ್ಕಿಡಿ, ಕ್ಯಾಮೆರಾನ ನೆಲದ ಮೇಲೆ ಮೇಲ್ಮುಖ ಮಾಡಿ ಅಲುಗಾಡದಂಗೆ ಇಟ್ಟು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ. ಎಡಿಟಿಂಗ್ ಸಾಫ್ಟ್‌ವೇರಲ್ಲಿ ಹಾಕಿ ಆ್ಯರೋ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಪ್ಲೇ ಮಾಡಿ ನೋಡ್ಬೇಡಿ, ಪ್ಲೇ ಮಾಡಿದ್ರೆ ಟಿವಿ, ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಎಲ್ಲದರ ದೋಷಾನೂ ಸೇರ್ಕೊಳುತ್ತೆ.

ಲೆಕ್ಕಕ್ಕೆ ಫ್ಯಾನು ನಿಮಿಷಕ್ಕೆ 120 ಸುತ್ತು ಅಂತಿಟ್ಕೊಳ್ಳಿ, ಸೆಕೆಂಡಿಗೆ ಎರಡು ಸುತ್ತು. 25 ಫ್ರೇಮಲ್ಲಿ ತೆಗೆದ್ರೆ ಟೇಪು ಒಂದು ಫ್ರೇಮಿಂದ ಇನ್ನೊಂದಕ್ಕೆ 28.8 ಡಿಗ್ರಿ ಜರುಗುತ್ತೆ. ಶಟರ್ 1/50 ಇದ್ರೆ, ಅಂದ್ರೆ ಒಂದೊಂದು ಫ್ರೇಮಿಗೆ 1/50 ಸೆಕೆಂಡು ಬೆಳಕು ಬಿದ್ರೆ, ಅದರಲ್ಲಿ 14.4 ಡಿಗ್ರಿ ಗೀರು, ಅಂದ್ರೆ ಸರಿಯಾಗಿ ಅರ್ಧ, ಇದೇ ಫಿಲ್ಮಿನ 180 ಡಿಗ್ರಿ. ಶಟರ್ 1/1000 ಇದ್ರೆ ಗೀರು ಒಂದು ಡಿಗ್ರೀನೂ ಇರಲ್ಲ, ಫ್ಯಾನು ನಿಂತಂಗೇ ಕಾಣುತ್ತೆ. 1/25 ಇದ್ರೆ ಗೀರು ಗೀರಿಗೆ ಮುಟ್ಕೊಂಡಿರುತ್ತೆ. ಗೀರಿನ ಉದ್ದ ಅಳೆಯೋವಾಗ ಟೇಪಿನ ಸ್ವಂತ ಅಗಲ ಕಳೀಬೇಕು, ಇದನ್ನ ಬಹಳ ಜನ ಮರೀತಾರೆ.

ಟೇಪು ಒಂದು ಫ್ರೇಮಲ್ಲಿ ಜರುಗದೇ ಅಲ್ಲೇ ನಿಂತು ಮುಂದಿನದ್ರಲ್ಲಿ ಡಬಲ್ ಹಾರಿದ್ರೆ ಶಟರ್ ತಪ್ಪಲ್ಲ, ಫ್ರೇಮ್ ರೇಟ್ ಗಲಾಟೆ. ಒಂದೇ ಫ್ರೇಮಲ್ಲಿ ಎರಡು ಟೇಪು ಮಸುಕಾಗಿ ಕಂಡ್ರೆ ಎಡಿಟಿಂಗಲ್ಲಿ ಫ್ರೇಮ್ ಬ್ಲೆಂಡಿಂಗ್ ಆನ್ ಆಗಿದೆ. ಗೀರಿನ ಜಾಗದಲ್ಲಿ ಬಾಚಣಿಗೆ ಹಲ್ಲಿನ ಥರ ಅಡ್ಡ ಗೆರೆ ಬಂದ್ರೆ ಇಂಟರ್‌ಲೇಸು (ಮೇಲೆ ಹೇಳಿದ ಎರಡು ಫೀಲ್ಡ್ ಪದ್ಧತಿ). ರೆಕ್ಕೆ ಕತ್ತಿ ಥರ ಬಗ್ಗಿದ್ರೆ ರೋಲಿಂಗ್ ಶಟರ್, ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದೋದ್ರಿಂದ ಆಗೋದು, ಅದು ಬ್ಲರೇ ಅಲ್ಲ, ಶಟರ್ ಸ್ಪೀಡ್ ಬದಲಾಯಿಸಿ ಅದನ್ನ ಸರಿ ಮಾಡೋಕೂ ಆಗಲ್ಲ.

ಒಂದ್ ಮಾತು, ಮನೆ ಒಳಗೆ ಫ್ಯಾನ್ ಟೆಸ್ಟ್ ಪಾಸಾಯ್ತು ಅಂದ ಮಾತ್ರಕ್ಕೆ ಬಿಸಿಲಲ್ಲೂ ಪಾಸು ಅಂತಲ್ಲ. ಆಟೋ ಮೋಡಲ್ಲಿ ಇರೋ ಮೊಬೈಲು ಒಳಗೊಂದು ಶಟರು ಹೊರಗೊಂದು ಶಟರು ಇಟ್ಕೊಳುತ್ತೆ. ಹೊರಗಿನ ಟೆಸ್ಟಿಗೆ ಸೈಕಲ್ ತಲೆಕೆಳಗೆ ನಿಲ್ಲಿಸಿ ಚಕ್ರದ ಕಡ್ಡಿಗೆ ಟೇಪ್ ಹಾಕಿ ತಿರುಗಿಸಿದ್ರೆ ಆಯ್ತು.

ಹಗಲಲ್ಲಿ ತುಂಡು ತುಂಡಾಗಿ ಓಡ್ತಿದ್ರೆ

ನೂರಕ್ಕೆ ತೊಂಬತ್ತು ಪಾಲು ಶಟರ್ ಸ್ಪೀಡು ಜಾಸ್ತಿ ಆಗಿರೋದೇ ಕಾರಣ, ಅದರಲ್ಲೂ ಮೊಬೈಲಲ್ಲಿ ತೆಗೆದಿದ್ರೆ ಬೇರೆ ಕಾರಣ ಹುಡುಕೋಕೇ ಹೋಗ್ಬೇಡಿ. ಮೊಬೈಲಿನ ಮೇನ್ ಕ್ಯಾಮೆರಾದ ಬೆಳಕಿನ ಕಿಂಡಿ ಸಾಮಾನ್ಯವಾಗಿ ಎಫ್ 1.8 ಹತ್ರ ಇರುತ್ತೆ (ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಅದನ್ನ ಕಿರಿದು ಮಾಡೋ ಅವಕಾಶ ಬಹುತೇಕ ಫೋನುಗಳಲ್ಲಿ ಇಲ್ಲ. ಒಳ್ಳೇ ಬಿಸಿಲಿಗೆ ಹಳೇ ಫೋಟೋಗ್ರಾಫರುಗಳ ಲೆಕ್ಕ ಏನು, ಐಎಸ್‌ಓ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 100, ಎಫ್ 16, ಶಟರ್ 1/100. ಅದೇ ಬಿಸಿಲಿಗೆ ಎಫ್ 1.8 ಬಾಯಿ ಬಿಟ್ಕೊಂಡು ಕೂತ್ರೆ ಸುಮಾರು ಎಂಬತ್ತು ಪಟ್ಟು ಬೆಳಕು ಒಳಗೆ ಬರುತ್ತೆ, ಪಾಪ ಫೋನು ಏನ್ ಮಾಡುತ್ತೆ, ಐಎಸ್‌ಓ 50ಕ್ಕೆ ಇಳಿಸಿದ್ರೂ ಶಟರನ್ನ 1/4000ಕ್ಕೆ ಏರಿಸ್ಲೇಬೇಕು.

ಇದರ ಪರಿಣಾಮ ನೋಡ್ಬೇಕಂದ್ರೆ ಕಂಬಳದ ವಿಡಿಯೋ ನೋಡಿ. ಕೋಣದ ಜೋಡಿ 100 ಮೀಟರನ್ನ ಹತ್ತು ಸೆಕೆಂಡಲ್ಲಿ ಓಡ್ತು ಅಂತಿಟ್ಕೊಂಡ್ರೆ 25 ಫ್ರೇಮಲ್ಲಿ ಫ್ರೇಮಿಗೆ 40 ಸೆಂಟಿಮೀಟರ್ ಮುಂದಕ್ಕೆ. 1/50ರಲ್ಲಿ ತೆಗೆದ್ರೆ ಕೋಣ 20 ಸೆಂಟಿಮೀಟರ್ ಗೀರಾಗುತ್ತೆ, ಕೆಸರು ನೀರು ಉದ್ದುದ್ದ ಎಳೆಯಾಗಿ ಹಾರುತ್ತೆ, ಕಣ್ಣು ಮಿಕ್ಕ 20 ಸೆಂಟಿಮೀಟರನ್ನ ತಾನೇ ತುಂಬ್ಕೊಂಡು ಓಟ ಅಂತ ಒಪ್ಕೊಳುತ್ತೆ. ಅದೇ 1/4000ರಲ್ಲಿ ತೆಗೆದ್ರೆ ಗೀರು ಎರಡೂವರೆ ಮಿಲಿಮೀಟರು, ನೀರಿನ ಒಂದೊಂದು ಹನೀನೂ ಗಾಜಿನ ಮಣಿ ಥರ ಗಾಳೀಲಿ ನಿಂತಿರುತ್ತೆ, ಕೋಣ ಒಂದು ಕಡೆ ಚೂಪಾಗಿ ಕಂಡು ಮಾಯವಾಗಿ 40 ಸೆಂಟಿಮೀಟರ್ ಆಚೆ ಮತ್ತೆ ಚೂಪಾಗಿ ಪ್ರತ್ಯಕ್ಷ. ಫೋಟೋ ಆಗಿ ಒಂದೊಂದು ಫ್ರೇಮೂ ಸೂಪರ್, ವಿಡಿಯೋ ಆಗಿ ತಲೆನೋವು. ಹಾಗಂತ ಇದು ಯಾವಾಗ್ಲೂ ದೋಷ ಅಲ್ಲ, ಸೇವಿಂಗ್ ಪ್ರೈವೇಟ್ ರಯಾನ್ ಸಿನಿಮಾದ ಯುದ್ಧದ ದೃಶ್ಯಕ್ಕೆ ಬೇಕು ಬೇಕಂತಾನೇ 45 ಮತ್ತು 90 ಡಿಗ್ರಿ ಶಟರ್ ಬಳಸಿದ್ರು, ಅಂದ್ರೆ 1/192 ಮತ್ತು 1/96. ಹಾರೋ ಮಣ್ಣು ಒಂದೊಂದು ಕಣವೂ ಎದ್ದು ಕಾಣ್ಲಿ, ನೋಡೋರಿಗೆ ಮುಳ್ಳಿನ ಮೇಲೆ ಕೂತಂಗಾಗ್ಲಿ ಅಂತ. ಮದುವೆ ಮೆರವಣಿಗೆಗೆ ಆ ಅನುಭವ ಬೇಕಾ ಅನ್ನೋದು ನಿಮಗೇ ಬಿಟ್ಟಿದ್ದು.

ಮದ್ದು ಎನ್‌ಡಿ ಫಿಲ್ಟರು, ಅಂದ್ರೆ ಲೆನ್ಸ್ ಮುಂದೆ ಹಾಕೋ, ಬೆಳಕು ಕಡ್ಮೆ ಮಾಡೋ ಕಪ್ಪು ಗಾಜು. 1/4000 ಇರೋ ಜಾಗದಲ್ಲಿ ಎನ್‌ಡಿ 64 ಹಾಕಿದ್ರೆ 1/60 ಹತ್ರಕ್ಕೆ ಬರುತ್ತೆ, ಮ್ಯಾನ್ಯುಯಲ್ ಆ್ಯಪಲ್ಲಿ 1/50ಕ್ಕೆ ಲಾಕ್ ಮಾಡಿ. ವೇರಿಯಬಲ್ ಎನ್‌ಡಿ ತಗೊಂಡ್ರೆ ಒಂದೇ ಫಿಲ್ಟರಲ್ಲಿ ಎಲ್ಲಾ ಆಗುತ್ತೆ ಅಂತ ಆಸೆ ಆಗೋದು ನಿಜ, ಆದ್ರೆ ವೈಡ್ ಲೆನ್ಸ್ ಮೇಲೆ ಪೂರ್ತಿ ತಿರುಗಿಸಿದಾಗ ಆಕಾಶದಲ್ಲಿ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಬೀಳುತ್ತೆ, ನನಗೆ ಕೇಳಿದ್ರೆ ಬಿಡಿ ಬಿಡಿಯಾಗಿ ಎರಡು ಫಿಲ್ಟರ್ ಇಟ್ಕೊಳ್ಳೋದೇ ವಾಸಿ.

ಶಟರ್ 1/50 ಇದ್ದೂ ಜರ್ಕ್ ಹೊಡೀತಿದ್ರೆ ಪ್ಯಾನಿಂಗ್ ಸ್ಪೀಡ್ (ಕ್ಯಾಮೆರಾನ ಪಕ್ಕಕ್ಕೆ ತಿರುಗಿಸೋ ವೇಗ) ನೋಡಿ. 24 ಫ್ರೇಮಲ್ಲಿ ಒಂದು ವಸ್ತು ಪರದೆಯ ಒಂದು ಅಂಚಿಂದ ಇನ್ನೊಂದು ಅಂಚಿಗೆ ಹೋಗೋಕೆ ಏಳು ಸೆಕೆಂಡಾದ್ರೂ ತಗೋಬೇಕು ಅನ್ನೋದು ಸಿನಿಮಾದೋರ ಹಳೇ ಅಂದಾಜು. ಅಸಲಿ ಫಿಲ್ಮಲ್ಲೂ ಬೇಗ ತಿರುಗಿಸಿದ್ರೆ ಜರ್ಕ್ ಬರ್ತಿತ್ತು.

ಸೀರಿಯಲ್ ಥರ ಕಾಣ್ತಿದ್ರೆ

ಮೊದ್ಲು ಟಿವಿ ರಿಮೋಟ್ ತಗೊಳ್ಳಿ. ತಮಾಷೆ ಅಲ್ಲ, ಈ ಕಂಪ್ಲೇಂಟಲ್ಲಿ ಕ್ಯಾಮೆರಾದ ತಪ್ಪು ಇಲ್ದೇ ಇರೋದೇ ಜಾಸ್ತಿ. ಈಗಿನ ಟಿವಿಗಳು ಎರಡು ಫ್ರೇಮ್ ಮಧ್ಯೆ ತಾವೇ ಹೊಸ ಫ್ರೇಮ್ ಹುಟ್ಟಿಸಿ ತುರುಕುತ್ವೆ, ಸ್ಯಾಮ್‌ಸಂಗಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜೀಲಿ ಟ್ರೂಮೋಷನ್, ಸೋನೀಲಿ ಮೋಷನ್‌ಫ್ಲೋ ಅಂತ ಹೆಸರು ಬೇರೆ ಬೇರೆ, ಕೆಲಸ ಒಂದೇ. ಫಿಲ್ಮಿನ ಗೀರುಗಳ ಮಧ್ಯೆ ಇದ್ದ ಖಾಲಿ ಜಾಗ ಇತ್ತಲ್ಲ, ಅದನ್ನ ಇದು ಮುಚ್ಚಿಬಿಡುತ್ತೆ, ಅಲ್ಲಿಗೆ ಕೋಟಿಗಟ್ಲೆ ಸುರಿದ ಸಿನಿಮಾನೂ ಸಂಜೆ ಧಾರಾವಾಹಿ. ಆಫ್ ಮಾಡಿ, ಇಲ್ಲಾ ಫಿಲ್ಮ್‌ಮೇಕರ್ ಮೋಡ್ ಇದ್ರೆ ಅದನ್ನ ಹಾಕಿ, 2019ರಲ್ಲಿ ಘೋಷಣೆ ಆಗಿದ್ದು ಇದೇ ರಗಳೆಗೆ.

ಟಿವಿ ಸರಿ ಇದ್ರೆ ಫೈಲಿನ ಫ್ರೇಮ್ ರೇಟ್ ನೋಡಿ. 50 ಅಥವಾ 60ರಲ್ಲಿ ತೆಗೆದು ಹಾಗೇ ಬಿಟ್ರೆ ಶಟರ್ ಏನೇ ಇಟ್ರೂ ಅದು ವಿಡಿಯೋ ಥರಾನೇ ಕಾಣೋದು. ದಿ ಹಾಬಿಟ್ ಸಿನಿಮಾನ 2012ರಲ್ಲಿ 48 ಫ್ರೇಮಲ್ಲಿ ಬಿಟ್ಟಾಗ ಶಟರನ್ನ 270 ಡಿಗ್ರಿ, ಅಂದ್ರೆ 1/64 ಇಟ್ಟಿದ್ರು, ಬ್ಲರ್ ಫಿಲ್ಮಿನ ಹತ್ರಾನೇ ಇತ್ತು, ಆದ್ರೂ ಟಿವಿ ನೋಡಿದಂಗಿದೆ ಅಂತ ಬಹಳ ಜನ ಗೊಣಗಿದ್ರು. ಅಷ್ಟು ದುಡ್ಡಿದ್ದೋರಿಗೇ ಆಗದ್ದು ನಮಗೆ ಲಟ್ ಹಾಕಿ ಆಗುತ್ತಾ.

50 ಫ್ರೇಮಲ್ಲಿ ಆಲ್ರೆಡಿ ತೆಗೆದುಬಿಟ್ಟಿದ್ರೆ ಹೆದರ್ಬೇಡಿ, ಶಟರ್ 1/50 ಇದ್ರೆ ನಿಮ್ಮ ಅದೃಷ್ಟ. ಒಂದು ಬಿಟ್ಟು ಒಂದು ಫ್ರೇಮ್ ಎಸೆದ್ರೆ ಉಳಿಯೋದು 25 ಫ್ರೇಮು, ಒಂದೊಂದಕ್ಕೂ 1/50 ಬೆಳಕು, ಸಾಕ್ಷಾತ್ 180 ಡಿಗ್ರಿ, ಇದು ಅಂದಾಜಲ್ಲ, ನಿಜವಾಗ್ಲೂ ಅದೇ. ಶಟರ್ 1/100 ಇದ್ದಿದ್ರೆ ಮಾತ್ರ ಎಸೆದ ಮೇಲೆ 90 ಡಿಗ್ರಿ ಆಗುತ್ತೆ, ಸ್ವಲ್ಪ ಚುರುಕು ಜಾಸ್ತಿ. ಟೈಮ್‌ಲೈನ್ 25ಕ್ಕೆ ಇಡಿ, ಫ್ರೇಮ್ ಬ್ಲೆಂಡಿಂಗ್ ಆಫ್ ಮಾಡಿ, ಅಷ್ಟೇ. ಬ್ಲೆಂಡಿಂಗ್ ಆನ್ ಇದ್ರೆ ಎರಡು ಫ್ರೇಮ್ ಬೆರೆಸಿ ಗೀರನ್ನ ಮತ್ತೆ ಪೂರ್ತಿ ಮಾಡಿಬಿಡುತ್ತೆ, ಮಾಡಿದ್ದೆಲ್ಲ ನೀರಲ್ಲಿ ಹೋಮ.

ರಾತ್ರಿ ತೆಗೆದಿದ್ದು ಸವರಿಹೋಗಿದ್ರೆ

ಇಲ್ಲಿ ಮೂರು ಬೇರೆ ಬೇರೆ ರೋಗಗಳು ಒಂದೇ ಥರ ಕಾಣುತ್ವೆ, ಫ್ರೇಮ್ ನಿಲ್ಸಿ ಹತ್ರದಿಂದ ನೋಡ್ದೆ ಮದ್ದು ಮಾಡಿದ್ರೆ ಉಲ್ಟಾ ಆಗುತ್ತೆ. ಯಕ್ಷಗಾನದ ರಾತ್ರಿ ಶೂಟಿಂಗ್ ತಗೊಳ್ಳಿ, ವೇಷಧಾರಿ ಗಿರಕಿ ಹೊಡೀತಿದಾರೆ. ಕಿರೀಟದ ಮಿಂಚು ತಿರುಗೋ ದಿಕ್ಕಿಗೇ ಸಮನಾಗಿ ಉದ್ದ ಗೀರಾಗಿದೆ, ಹಿಂದಿನ ಪರದೆ ಮಾತ್ರ ಸ್ಪಷ್ಟವಾಗಿದೆ ಅಂದ್ರೆ ಅದು ಶಟರ್ ಬ್ಲರು, ಆಟೋ ಮೋಡು ಕತ್ತಲು ಅಂತ 1/25ಕ್ಕೆ ಇಳಿಸಿದೆ. ಗೀರು ಚಿಕ್ಕದೇ ಇದೆ, ಆದ್ರೆ ಸೀರೆಯ ಅಂಚು, ಗಡ್ಡ ಮೀಸೆ, ಮರದ ಎಲೆ ಥರದ ಸಣ್ಣ ವಿವರ ಎಲ್ಲಾ ಮೇಣದಂಗೆ ಕರಗಿ ಹಿಂದಿನ ಫ್ರೇಮಿನ ಮಸುಕು ನೆರಳು ಒಂದೇ ಪಕ್ಕಕ್ಕೆ ಅಂಟ್ಕೊಂಡಿದೆ ಅಂದ್ರೆ ಅದು ನಾಯ್ಸ್ ರಿಡಕ್ಷನ್, ಹಿಂದಿನ ಫ್ರೇಮುಗಳನ್ನ ಬೆರೆಸಿ ಕಾಳು ಕಾಳು ಮುಚ್ಚೋಕೆ ಹೋಗಿ ಆಗಿರೋದು. ಇನ್ನು ನೀವು ಕೈಯಲ್ಲಿ ಹಿಡ್ಕೊಂಡು ನಡೀತಾ ತೆಗೆದಿದ್ದು, ಫ್ರೇಮು ಅಲುಗಾಡ್ತಿಲ್ಲ ಆದ್ರೆ ಹೆಜ್ಜೆ ಹೆಜ್ಜೆಗೂ ಇಡೀ ಚಿತ್ರ, ಕಂಬ ಗೋಡೆ ಸಮೇತ, ಒಂದು ಕ್ಷಣ ಮಸುಕಾಗಿ ಮತ್ತೆ ಸರಿ ಹೋಗುತ್ತೆ ಅಂದ್ರೆ ಅದು ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್. ಅಲುಗಾಟನ ಅದು ತೆಗೆದುಹಾಕಿದೆ, ಅಲುಗಾಡಿದಾಗ ಬಿದ್ದ ಗೀರನ್ನ ತೆಗೆಯೋಕೆ ಅದಕ್ಕೆ ಬರಲ್ಲ.

ಮೊದಲನೇದಕ್ಕೆ 1/50ಕ್ಕೆ ಲಾಕ್ ಮಾಡಿ ಐಎಸ್‌ಓ ಏರಿಸಿ. ಎರಡನೇದಕ್ಕೆ ನಾಯ್ಸ್ ರಿಡಕ್ಷನ್ ಲೋ ಮಾಡಿ, ಆ ಆಪ್ಷನ್ ಇಲ್ಲಾಂದ್ರೆ ಬೆಳಕು ಜಾಸ್ತಿ ಮಾಡೋದೊಂದೇ ದಾರಿ. ಮೂರನೇದಕ್ಕೆ ಸ್ಟೆಬಿಲೈಸೇಷನ್ ಆಫ್ ಮಾಡಿ ಟ್ರೈಪಾಡ್ ಹಾಕಿ. ಸ್ವಲ್ಪ ಕಾಳು ಕಾಳು ಕಂಡ್ರೆ ಕಾಣ್ಲಿ ಬಿಡಿ, ಕಾಳನ್ನ ಆಮೇಲೆ ತೆಗೀಬಹುದು, ಸವರಿಹೋದ ಮುಖ ವಾಪಸ್ ಬರಲ್ಲ.

ಲೈಟಿನ ಪಟ್ಟಿ ಓಡ್ತಿದ್ರೆ: ನಮ್ಮಲ್ಲಿ ಕರೆಂಟು 50 ಹರ್ಟ್ಸು, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಶಟರು 1/50 ಅಥವಾ 1/100 ಇದ್ರೆ ಪ್ರತಿ ಫ್ರೇಮಿಗೂ ಪೂರ್ತಿ ಮಿಣುಕು ಸಿಗುತ್ತೆ. ಅಮೆರಿಕದ ಯೂಟ್ಯೂಬ್ ಪಾಠ ನೋಡಿ 30 ಫ್ರೇಮಿಗೆ 1/60 ಇಟ್ರೆ ಇಲ್ಲಿ ಪಟ್ಟಿ ಓಡುತ್ತೆ, ಅವರದು 60 ಹರ್ಟ್ಸು. 30ರಲ್ಲೇ ತೆಗೀಬೇಕಂದ್ರೂ 1/50 ಇಡಿ, 216 ಡಿಗ್ರಿ ಆಗುತ್ತೆ, ಯಾರಿಗೂ ಗೊತ್ತಾಗಲ್ಲ. ಫಿಲ್ಮ್ ಕ್ಯಾಮೆರಾಗಳಲ್ಲಿ 172.8 ಅಂತ ವಿಚಿತ್ರ ಶಟರ್ ಡಿಗ್ರಿ ಇರ್ತಿದ್ದದ್ದೂ ಇದಕ್ಕೇ, 24 ಫ್ರೇಮಲ್ಲಿ ಅದು ಸರಿಯಾಗಿ 1/50. ಅಗ್ಗದ ಎಲ್‌ಇಡಿ ಬಲ್ಬುಗಳು ತಮ್ಮದೇ ತಾಳಕ್ಕೆ ಮಿಣುಕ್ತವೆ, ಅಲ್ಲಿ ಶಟರನ್ನ ಹಿಂದೆ ಮುಂದೆ ಮಾಡಿ ನೋಡ್ಬೇಕು ಅಷ್ಟೇ.

ಶೂಟಿಂಗ್ ಸರಿ, ಎಡಿಟಿಂಗಲ್ಲಿ ಕೆಡ್ತಿದ್ರೆ

30ರಲ್ಲಿ ತೆಗೆದಿದ್ದನ್ನ 25ರ ಟೈಮ್‌ಲೈನಿಗೆ ಹಾಕಿದ್ರೆ ಪ್ರತಿ ಆರರಲ್ಲಿ ಒಂದು ಫ್ರೇಮ್ ಬಿದ್ದೋಗುತ್ತೆ, ಸೆಕೆಂಡಿಗೆ ಐದು ಸಲ ಸಣ್ಣ ಎಡವು. ಮೊಬೈಲ್ ಫೈಲುಗಳಲ್ಲಿ ಇನ್ನೊಂದು ಕಾಟ, ಫ್ರೇಮ್ ರೇಟು ತಾನೇ ಏರಿಳಿಯುತ್ತೆ, ಎಡಿಟ್ ಮಾಡೋ ಮುಂಚೆ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಾಯಿಸ್ಕೊಳ್ಳಿ. 25ರ ವಿಡಿಯೋನ 60 ಹರ್ಟ್ಸ್ ಮಾನಿಟರಲ್ಲಿ ನೋಡಿದ್ರೆ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ತೋರ್ಸುತ್ತೆ, ಆ ಜರ್ಕು ಫೈಲಲ್ಲಿ ಇಲ್ಲವೇ ಇಲ್ಲ, ಮಾನಿಟರ್ 50ಕ್ಕೆ ಇಟ್ಟು ನೋಡಿದ್ರೆ ಮಾಯ.

ಬ್ಲರ್ ಹಾಕೋ ಪ್ಲಗಿನ್ನುಗಳು ಪಿಕ್ಸೆಲ್ ಯಾವ ಕಡೆ ಹೋಗ್ತಿದೆ ಅಂತ ಊಹೆ ಮಾಡಿ ಗೀರು ಎಳೀತವೆ, ರಸ್ತೇಲಿ ಹೋಗೋ ಕಾರಿಗೆ ಪರವಾಗಿಲ್ಲ, ಕೈ ಮುಖದ ಮುಂದೆ ಹಾದುಹೋದ್ರೆ ಮೂಗೂ ಕೈ ಜೊತೆ ಎಳ್ಕೊಂಡು ಹೋಗುತ್ತೆ. ಬೇರೆ ದಾರಿ ಇಲ್ದಿದ್ದಾಗ ಮಾತ್ರ ಬಳಸಿ.

"ಡಿಜಿಟಲ್ ಶಟರ್ ಥಟ್ಟನೆ ತೆರೆದು ಮುಚ್ಚುತ್ತೆ, ಫಿಲ್ಮಿಂದು ನಿಧಾನಕ್ಕೆ ಅಂಚು ಸರಿಯುತ್ತೆ, ಅದಕ್ಕೇ ಫಿಲ್ಮಿನ ಗೀರಿನ ತುದಿ ಮೃದು" ಅಂತ ಒಂದು ವಾದ ಇದೆ. ಸುಳ್ಳಲ್ಲ. ಸೋನಿ ಎಫ್65, ಅಲೆಕ್ಸಾ ಸ್ಟುಡಿಯೋ ಕ್ಯಾಮೆರಾಗಳಲ್ಲಿ ತಿರುಗೋ ಶಟರ್ ನಿಜವಾಗ್ಲೂ ಇತ್ತು. ಆದ್ರೆ 1/4000ರಲ್ಲಿ ಶೂಟ್ ಮಾಡ್ಕೊಂಡು ಬಂದೋರು ಆ ತುದಿ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ.

ಕೊನೇದಾಗಿ ಹಳೇ ಮದುವೆ ಕ್ಯಾಸೆಟ್ ಡಿಜಿಟೈಸ್ ಮಾಡಿಸಿದೋರಿಗೆ. ಅಕ್ಷತೆ ಹಾಕೋ ಕೈ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋದಂಗೆ ನಡುಗಿದ್ರೆ ಟೇಪ್ ಹಾಳಾಗಿಲ್ಲ, ಫೀಲ್ಡ್ ಆರ್ಡರ್ ಉಲ್ಟಾ ಆಗಿದೆ. ಮಿನಿಡಿವಿ ಆದ್ರೆ ಲೋಯರ್ ಫೀಲ್ಡ್ ಮೊದ್ಲು, ಎಚ್‌ಡಿ ಆದ್ರೆ ಅಪ್ಪರ್ ಮೊದ್ಲು, ಕ್ಲಿಪ್ ಸೆಟ್ಟಿಂಗಲ್ಲಿ ಬದಲಾಯಿಸಿ ನೋಡಿ. ಡಿಇಂಟರ್‌ಲೇಸ್ ಮಾಡೋವಾಗ 25ಕ್ಕೆ ಇಳಿಸ್ಬೇಡಿ, 50 ಫ್ರೇಮಿಗೆ ಮಾಡಿ. ಅದು ವಿಡಿಯೋ ಆಗಿಯೇ ಹುಟ್ಟಿದ್ದು, 25ಕ್ಕೆ ಇಳಿಸಿದ್ರೆ ಅದರಲ್ಲಿರೋ ಅರ್ಧ ಚಲನೆನೇ ಹೋಗಿಬಿಡುತ್ತೆ, ಟೇಪು ಸವೆದ ಮೇಲೆ ಇನ್ನೊಂದ್ಸಲ ಕ್ಯಾಪ್ಚರ್ ಮಾಡೋಕೂ ಆಗಲ್ಲ.